ಊರ ಹಾಡುಗಾರರಿಗೊಂದು ಸಮುದಾಯ ಬಾನುಲಿ: ಕಟ್ಟುವುದು ಹೇಗೆ?

ಸಮುದಾಯ ಬಾನುಲಿ ಶುರು ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಟ್ರಾನ್ಸ್‌ಮಿಟರ್‌ಗೆ ಎಷ್ಟಾಗುತ್ತೆ ಅಂತ. ಅದು ದುಡ್ಡು ಕೊಟ್ಟರೆ ಬರುವ ವಸ್ತು. ಶುರುವಾದ ಎರಡು ಮೂರು ತಿಂಗಳಲ್ಲಿ ಕೊರತೆ ಬೀಳುವುದು ಹಾಡುಗಳದು. ಲೆಕ್ಕ ಹಾಕಿ ನೋಡಿ: ದಿನಕ್ಕೆ ಒಂದು ಗಂಟೆ ಸ್ಥಳೀಯ ಸಂಗೀತ ಅಂದರೆ ಮಾತೂ ಸೇರಿ ಹತ್ತು ಹಾಡು. ಕೈಯಲ್ಲಿ ನಲವತ್ತೇ ಇದ್ದರೆ ಪ್ರತಿ ಹಾಡೂ ನಾಲ್ಕು ದಿನಕ್ಕೊಮ್ಮೆ ತಿರುಗಿ ಬರುತ್ತದೆ. ಕೇಳುವವರಿಗೆ ಬೇಸರ ಬರುತ್ತದೆ, ಸಿಬ್ಬಂದಿ ಸುಲಭದ ದಾರಿ ಹಿಡಿದು ಸಿನಿಮಾ ಹಾಡು ಹಾಕತೊಡಗುತ್ತಾರೆ. ಅಲ್ಲಿಗೆ ಊರ ಹಾಡುಗಾರರ ಬಾನುಲಿ ಎಂಬ ಮಾತು ಬೋರ್ಡಿನಲ್ಲಷ್ಟೇ ಉಳಿಯುತ್ತದೆ.

ಹಾಗಾಗಿ ಅರ್ಜಿ ಹಾಕಿದ ವಾರದಿಂದಲೇ ಧ್ವನಿಮುದ್ರಣ ಶುರು ಮಾಡಿ. ಪರವಾನಗಿ ಕೈಗೆ ಬರಲು ಒಂದು ವರ್ಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಆ ಹೊತ್ತಿಗೆ ಮುನ್ನೂರು ಹಾಡು, ಒಂದೊಂದಕ್ಕೂ ಲಿಖಿತ ಒಪ್ಪಿಗೆ ಪತ್ರ, ಕೈಯಲ್ಲಿರಬೇಕು. ಪರವಾನಗಿ ಇಲ್ಲದೆ ಪರೀಕ್ಷೆಗೆಂದು ಕೂಡ ಗಾಳಿಗೆ ಬಿಡುವಂತಿಲ್ಲ. ಆದರೆ ಕೇಳಿಸಲು ಬೇರೆ ದಾರಿಗಳಿವೆ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ 2000ದ ದಶಕದ ಆರಂಭದಲ್ಲಿ, ಸಂಘ ಸಂಸ್ಥೆಗಳಿಗೆ ಪರವಾನಗಿಯೇ ಸಿಗದಿದ್ದ ಕಾಲದಲ್ಲಿ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿತು. ಸ್ವಸಹಾಯ ಸಂಘದ ಸಭೆ, ಹಾಲಿನ ಡೇರಿ, ಸಂತೆ ಮಾಳದಲ್ಲಿ ಸ್ಪೀಕರ್ ಇಟ್ಟು ಕೇಳಿಸಿದರೂ ಯಾವ ಹಾಡಿಗೆ ಜನ ನಿಲ್ಲುತ್ತಾರೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಅರ್ಜಿಯ ದಾರಿ

ವ್ಯಕ್ತಿಗಳಿಗೆ, ರಾಜಕೀಯ ಪಕ್ಷಗಳಿಗೆ, ಲಾಭದ ಕಂಪನಿಗಳಿಗೆ ಪರವಾನಗಿ ಇಲ್ಲ. 2002ರ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಬಾಗಿಲು ತೆರೆದಿತ್ತು. 2006ರ ನೀತಿಯಿಂದ ನೋಂದಾಯಿತ ಸಂಘ, ಟ್ರಸ್ಟ್‌ಗಳಿಗೂ ಅವಕಾಶವಾಯಿತು. ಈಗ ನಡೆಯುವುದು 2024ರ ಫೆಬ್ರವರಿಯಲ್ಲಿ ಬಂದ ಪರಿಷ್ಕೃತ ಮಾರ್ಗಸೂಚಿ. ಸಂಸ್ಥೆ ಕನಿಷ್ಠ ಮೂರು ವರ್ಷ ಹಳೆಯದಾಗಿರಬೇಕು, ಆ ಊರಿನಲ್ಲೇ ಕೆಲಸ ಮಾಡಿದ ದಾಖಲೆ ಇರಬೇಕು. ಹೊಸದಾಗಿ ಟ್ರಸ್ಟ್ ಮಾಡಿ ಮೂರು ವರ್ಷ ಕಾಯುವ ಬದಲು, ಈಗಾಗಲೇ ಇರುವ ಜಾನಪದ ಕಲಾ ಸಂಘವನ್ನೋ ಗ್ರಾಮಾಭಿವೃದ್ಧಿ ಸಂಸ್ಥೆಯನ್ನೋ ಜೊತೆ ಮಾಡಿಕೊಳ್ಳುವುದು ಜಾಣತನ.

ಅರ್ಜಿ ಪೂರ್ತಿ ಆನ್‌ಲೈನ್, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಬ್ರಾಡ್‌ಕಾಸ್ಟ್ ಸೇವಾ ಪೋರ್ಟಲ್‌ನಲ್ಲಿ. ನೋಂದಣಿ ಪತ್ರ, ಬೈಲಾ, ಆಡಿಟ್ ಆದ ಲೆಕ್ಕಪತ್ರ, ವಾರ್ಷಿಕ ವರದಿ, ಟವರ್ ನಿಲ್ಲುವ ಜಾಗದ ಅಕ್ಷಾಂಶ ರೇಖಾಂಶ ಸಿದ್ಧವಿರಲಿ. ಪರಿಶೀಲನೆ ಮುಗಿದ ಮೇಲೆ ಆಶಯ ಪತ್ರ (ಲೆಟರ್ ಆಫ್ ಇಂಟೆಂಟ್) ಬರುತ್ತದೆ, ಅದಕ್ಕೆ ಒಂದು ವರ್ಷದ ಅವಧಿ. ಅದರೊಳಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದಿಂದ ತರಂಗಾಂತರ, ಟವರ್ ಜಾಗಕ್ಕೆ ಸಾಕ್ಫಾ ಎಂಬ ಸಮಿತಿಯ ಅನುಮತಿ ಪಡೆಯಬೇಕು. ಬ್ಯಾಂಕ್ ಗ್ಯಾರಂಟಿ ಇಟ್ಟು ಸಚಿವಾಲಯದೊಂದಿಗೆ ಒಪ್ಪಂದಕ್ಕೆ ಸಹಿ, ಆಮೇಲೆ ವೈರ್‌ಲೆಸ್ ಪರವಾನಗಿ. ಒಪ್ಪಂದದ ಅವಧಿ ಮೊದಲ ಸಲಕ್ಕೆ ಹತ್ತು ವರ್ಷ.

ಅರ್ಜಿಗಳು ಎಡವುವ ಒಂದು ಜಾಗ: ಅರ್ಜಿಯಲ್ಲಿ ಬರೆದ ಅಕ್ಷಾಂಶ ರೇಖಾಂಶ ಒಂದು, ಟವರ್ ನಿಲ್ಲಿಸಿದ ಜಾಗ ಇನ್ನೊಂದು. ಕಚೇರಿಯಲ್ಲಿ ಕೂತು ಮ್ಯಾಪಿನಿಂದ ತೆಗೆದ ಅಂಕಿ ಬೇಡ. ಟವರ್ ಬುಡದಲ್ಲೇ ನಿಂತು ಜಿಪಿಎಸ್ ಅಂಕಿ ಬರೆದುಕೊಳ್ಳಿ, ಎಲ್ಲ ಕಾಗದದಲ್ಲೂ ಅದೇ ಅಂಕಿ ಇರಲಿ.

ಕಾರ್ಯಕ್ರಮ ಸಲಹಾ ಸಮಿತಿ ಮಾಡಬೇಕು, ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಇದನ್ನು ಬರೀ ನಿಯಮ ಅಂದುಕೊಳ್ಳಬೇಡಿ. ಸೋಬಾನೆ ಹಾಡುವ ಅಜ್ಜಿ ಯಾವ ಕೇರಿಯಲ್ಲಿದ್ದಾರೆ, ಯಾರಿಗೆ ಎಷ್ಟು ಹಾಡು ಬರುತ್ತೆ ಅನ್ನುವುದು ಆ ಹೆಣ್ಣುಮಕ್ಕಳಿಗೇ ಗೊತ್ತು.

ಹಾಡಿನ ಹಕ್ಕು

ಇದನ್ನು ಬಹಳ ಕೇಂದ್ರಗಳು ಕಡೆಗಣಿಸುತ್ತವೆ. ಜನಪದ ಗೀತೆಗೆ ಹಕ್ಕುದಾರರಿಲ್ಲ ನಿಜ, ಆದರೆ ಹಾಡಿದವರಿಗೆ ಹಕ್ಕಿದೆ. ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರ ಹಕ್ಕನ್ನು ಬೇರೆಯಾಗಿಯೇ ಗುರುತಿಸುತ್ತದೆ. ‘ರೇಡಿಯೋದಲ್ಲಿ ಬರುತ್ತೆ ಬಿಡಿ’ ಎಂದು ಬಾಯಿಮಾತಲ್ಲಿ ಹಾಡಿಸಿಕೊಂಡು, ಎರಡು ವರ್ಷದ ಮೇಲೆ ಯೂಟ್ಯೂಬಿಗೆ ಹಾಕಿದರೆ ಜಗಳ ಖಂಡಿತ, ಹಾಡುಗಾರರ ಕಡೆಗೇ ನ್ಯಾಯ.

ಸಾಹಿತ್ಯದ ಹಕ್ಕು ಕವಿ ತೀರಿಕೊಂಡು 60 ವರ್ಷದವರೆಗೆ ಇರುತ್ತದೆ. ದಾಸರ ಪದ, ವಚನ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳಿಗೆ ಯಾರ ಅನುಮತಿಯೂ ಬೇಡ. ಬೇಂದ್ರೆಯವರು ಹೋದದ್ದು 1981ರಲ್ಲಿ, ಹಾಗಾಗಿ ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕು ಉಂಟು. ಕುವೆಂಪು ಅವರ ಕವಿತೆಗಳಿಗೆ 2054ರವರೆಗೆ. ಶರೀಫರ ಪದವೇ ಆದರೂ ಕ್ಯಾಸೆಟ್ಟಿನಲ್ಲಿ ಪ್ರಸಿದ್ಧವಾದ ಧಾಟಿ ಅದನ್ನು ಸಂಯೋಜಿಸಿದವರದು. ಊರ ಭಜನಾ ಮಂಡಳಿಯವರನ್ನು ತಮ್ಮ ಹಿರಿಯರಿಂದ ಬಂದ ಮಟ್ಟಿನಲ್ಲೇ ಹಾಡಿ ಎಂದು ಕೇಳಿಕೊಳ್ಳಿ. ಅದೇ ಚೆನ್ನಾಗಿಯೂ ಇರುತ್ತದೆ, ಊರಿಂದೂರಿಗೆ ಬೇರೆಯಾಗುವ ಮಟ್ಟು ದಾಖಲೂ ಆಗುತ್ತದೆ. ಸಿನಿಮಾ ಹಾಡು ಬೇಕೆಂದರೆ ಸಂಗೀತ ಹಕ್ಕಿನ ಸಂಸ್ಥೆಗಳಿಗೆ ಶುಲ್ಕ ಕಟ್ಟಬೇಕು. ನಮ್ಮ ಸಲಹೆ: ಮೊದಲ ದಿನದಿಂದಲೇ ಸಿನಿಮಾ ಹಾಡು ಬೇಡ.

ಒಪ್ಪಿಗೆ ಪತ್ರ ಒಂದೇ ಪುಟ ಸಾಕು, ಹೀಗೆ ಬರೆಯಿರಿ:

“ನಾನು ______, ______ ಊರಿನ ವಾಸಿ. ದಿನಾಂಕ ______ರಂದು ನಾನು ಹಾಡಿದ ಕೆಳಗಿನ ಹಾಡುಗಳನ್ನು ______ ಬಾನುಲಿ ಕೇಂದ್ರ ತನ್ನ ಎಫ್‌ಎಂ ಪ್ರಸಾರದಲ್ಲಿ ____ ವರ್ಷ, ಎಷ್ಟು ಸಲವಾದರೂ ಬಳಸಲು ಒಪ್ಪಿದ್ದೇನೆ. ಹಾಡಿಕೆಯ ಹಕ್ಕು ನನ್ನಲ್ಲೇ ಉಳಿಯುತ್ತದೆ. ಪ್ರತಿ ಸಲವೂ ನನ್ನ ಹೆಸರು, ಊರು ಹೇಳಬೇಕು. ಇದೇ ಹಾಡನ್ನು ನಾನು ಬೇರೆಲ್ಲಾದರೂ ಹಾಡಬಹುದು, ಮುದ್ರಿಸಬಹುದು. ಯೂಟ್ಯೂಬ್ ಮತ್ತು ಆ್ಯಪ್: ಒಪ್ಪಿಗೆ ಇದೆ / ಇಲ್ಲ. ಬೇರೆಯವರಿಗೆ ಕೊಡುವ ಮುನ್ನ ನನ್ನನ್ನು ಕೇಳಬೇಕು. ಪಡೆದ ಸಂಭಾವನೆ ರೂ. ______.”

ಎಷ್ಟು ವರ್ಷ ಎಂದು ಬರೆಯದೆ ಬಿಟ್ಟರೆ ಕಾನೂನು ಅದನ್ನು ಐದು ವರ್ಷ ಎಂದೇ ಓದುತ್ತದೆ, ಹಾಗಾಗಿ ಖಾಲಿ ಬಿಡಬೇಡಿ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿ, ಅವರು ಒಪ್ಪಿದ ಮಾತನ್ನೂ ಮುದ್ರಿಸಿಕೊಳ್ಳಿ. ಮೇಳದವರಾದರೆ ಮುಂದಾಳು ಒಬ್ಬರ ಸಹಿ ಸಾಲದು, ಡಗ್ಗಾ, ತಾಳದವರದೂ ಬೇಕು.

ಧ್ವನಿಮುದ್ರಣ

ಹಾಡುಗಾರರಲ್ಲಿ ಬಹಳ ಮಂದಿ ಕೂಲಿ, ಬೇಸಾಯ ಮಾಡುವವರು. ಹಗಲು ಕರೆಸಿದರೆ ಒಂದು ದಿನದ ಕೂಲಿ ಹೋಯಿತು. ಸಂಜೆ ಏಳರ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಹಗಲಾದರೆ ಆ ದಿನದ ಕೂಲಿ ಮತ್ತು ಬಸ್ ಚಾರ್ಜು ಅವತ್ತೇ ಕೈಗೆ ಕೊಡಿ. ‘ಆಮೇಲೆ ಚೆಕ್ ಕಳಿಸುತ್ತೇವೆ’ ಅನ್ನುವ ಕೇಂದ್ರಕ್ಕೆ ಎರಡನೇ ಸಲ ಯಾರೂ ಬರುವುದಿಲ್ಲ.

ಕನಿಷ್ಠ ಸಾಮಾನು ಇಷ್ಟು: ಎರಡು ಡೈನಮಿಕ್ ಮೈಕು, ಒಂದು ಜೊತೆ ಸಣ್ಣ ಕಂಡೆನ್ಸರ್ ಮೈಕು, ನಾಲ್ಕು ಇನ್‌ಪುಟ್‌ನ ಆಡಿಯೋ ಇಂಟರ್‌ಫೇಸ್, ನಾಲ್ಕು ಸ್ಟ್ಯಾಂಡು, ಕಿವಿ ಮುಚ್ಚುವ ಹೆಡ್‌ಫೋನು ಎರಡು, ಹೊರಗೆ ಹೋಗಲು ಎಕ್ಸ್‌ಎಲ್‌ಆರ್ ಇನ್‌ಪುಟ್ ಇರುವ ಕೈರೆಕಾರ್ಡರು, ಮೈಕಿಗೆ ಗಾಳಿ ತಡೆಯುವ ತುಪ್ಪಳದ ಹೊದಿಕೆ. ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಮುನ್ನೂರು ಹಾಡು, ಸರಾಸರಿ ಆರು ನಿಮಿಷ ಅಂದರೂ ಮೂವತ್ತು ಜಿಬಿ ಅಷ್ಟೇ. ಜಾಗ ಉಳಿಸಲು ಎಂಪಿ3ಯಲ್ಲಿ ಮುದ್ರಿಸಿಕೊಳ್ಳುವ ಅಗತ್ಯವೇ ಇಲ್ಲ.

ತತ್ವಪದದ ಮೇಳ ಒಂದನ್ನು ತೆಗೆದುಕೊಳ್ಳೋಣ. ಏಕತಾರಿ ಹಿಡಿದ ಮುಂದಾಳು, ಹಾರ್ಮೋನಿಯಂ, ಡಗ್ಗಾ, ದಮ್ಮಡಿ, ಇಬ್ಬರು ತಾಳದವರು. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಹಾಡಿಸಬೇಡಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಲಯ ಹಿಡಿಯುವುದು. ಎಂದಿನಂತೆ ನೆಲದ ಮೇಲೆ ಅರ್ಧಚಂದ್ರಾಕಾರದಲ್ಲಿ ಕೂರಲಿ. ಎರಡು ಕಂಡೆನ್ಸರ್ ಮೈಕನ್ನು ಒಂದಕ್ಕೊಂದು 17 ಸೆಂಟಿಮೀಟರ್ ದೂರದಲ್ಲಿ, 110 ಡಿಗ್ರಿ ಕೋನದಲ್ಲಿ ಹೊರಮುಖವಾಗಿ ತಿರುಗಿಸಿ, ಮೇಳದಿಂದ ಐದಾರು ಅಡಿ ದೂರದಲ್ಲಿ, ನಾಲ್ಕೂವರೆ ಅಡಿ ಎತ್ತರದಲ್ಲಿ ನಿಲ್ಲಿಸಿ. ಮುಂದಾಳಿಗೆ ಮಾತ್ರ ಒಂದು ಡೈನಮಿಕ್ ಮೈಕು, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ. ಕಂಡೆನ್ಸರ್ ಜೋಡಿಯಲ್ಲೇ ಮೇಳದ ಧ್ವನಿ ಸಿಗಬೇಕು, ಡೈನಮಿಕ್ ಮೈಕು ಸಾಹಿತ್ಯ ಸ್ಪಷ್ಟವಾಗಲು ಸ್ವಲ್ಪ ಬೆರೆಸುವುದಕ್ಕೆ. ಹಾರ್ಮೋನಿಯಂನ ಮುಂಭಾಗದಲ್ಲಿ ಮೈಕು ಇಟ್ಟರೆ ಕೀಗಳ ಟಕಟಕ ಸದ್ದೇ ದೊಡ್ಡದಾಗಿ ಕೇಳುತ್ತದೆ, ಅದನ್ನು ಜೋಡಿ ಮೈಕಿಗೇ ಬಿಡಿ. ತಾಳದವರು ಎಲ್ಲರಿಗಿಂತ ಹಿಂದೆ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ.

ತಾಳವನ್ನು ದೂರ ಇಡಲು ಕಾರಣವಿದೆ. ಎಫ್‌ಎಂನಲ್ಲಿ ಕಳಿಸುವ ಮುಂಚೆ ಟ್ರಾನ್ಸ್‌ಮಿಟರು ಮೇಲಿನ ಕಂಪನಾಂಕಗಳನ್ನು ಏರಿಸುತ್ತದೆ. ಇದಕ್ಕೆ ಪ್ರೀ-ಎಂಫಸಿಸ್ ಎನ್ನುತ್ತಾರೆ; ನಮ್ಮಲ್ಲಿ ಬಳಸುವ 50 ಮೈಕ್ರೋಸೆಕೆಂಡ್ ಲೆಕ್ಕದಲ್ಲಿ 15 ಕಿಲೋಹರ್ಟ್ಸ್ ಹತ್ತಿರ ಈ ಏರಿಕೆ ಸುಮಾರು 14 ಡೆಸಿಬೆಲ್. ಕಂಸಾಳೆ, ತಾಳ, ಗೆಜ್ಜೆಗಳ ಶಕ್ತಿ ಹೆಚ್ಚಾಗಿ ಇರುವುದು ಈ ಮೇಲಿನ ಕಂಪನಾಂಕಗಳಲ್ಲೇ. ಸ್ಟುಡಿಯೋ ಸ್ಪೀಕರಿನಲ್ಲಿ ಚಂದ ಕೇಳಿದ ಕಂಸಾಳೆ ಪದ ಗಾಳಿಗೆ ಹೋದಾಗ, ಪ್ರತಿ ತಾಳಕ್ಕೂ, ಮಟ್ಟ ಮೀರದಂತೆ ಸದ್ದು ತಗ್ಗಿಸುವ ಲಿಮಿಟರ್ ಬಿಗಿದು, ಹಾಡುವ ದನಿ ಕುಗ್ಗಿ ಕುಗ್ಗಿ ಏಳುತ್ತದೆ. ಅದಕ್ಕೆ ಮೈಕನ್ನು ಕಂಸಾಳೆಯಿಂದ ಎಂಟು ಹತ್ತು ಅಡಿ ದೂರ ಇಡಿ. ಅದೂ ಸಾಲದಿದ್ದರೆ ಸಂಕಲನದಲ್ಲಿ 6 ಕಿಲೋಹರ್ಟ್ಸ್ ಮೇಲೆ ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಕೊನೆಗೆ ಒಂದು ಸಣ್ಣ ರೇಡಿಯೋದಲ್ಲಿ ಕೇಳಿಯೇ ತೀರ್ಮಾನಿಸಿ.

ಡೊಳ್ಳಿನದು ಬೇರೆ ಕತೆ. ಒಳಗೆ ಮುದ್ರಿಸಿದರೆ ಕೋಣೆಯೇ ಗುಂಯ್‌ಗುಡುತ್ತದೆ. ಬಯಲಲ್ಲಿ, ಗೋಡೆಯಿಂದ ದೂರ, ಹದಿನೈದು ಅಡಿ ಆಚೆ ಮೈಕಿಟ್ಟು ಮುದ್ರಿಸಿ. ದನಿಗೆ ಹಾಕುವ, 80 ಹರ್ಟ್ಸ್ ಕೆಳಗಿನ ಸದ್ದನ್ನು ಕತ್ತರಿಸುವ ಫಿಲ್ಟರನ್ನು ಡೊಳ್ಳಿಗೆ ಹಾಕಬೇಡಿ, 40ಕ್ಕೆ ಇಳಿಸಿ.

ಸೋಬಾನೆ, ಬೀಸುವ ಪದಕ್ಕೆ ಸ್ಟುಡಿಯೋ ಬೇಡವೇ ಬೇಡ. ಹೆಡ್‌ಫೋನು ಹಾಕಿಸಿ ಗಾಜಿನ ಕೋಣೆಯಲ್ಲಿ ನಿಲ್ಲಿಸಿದರೆ ಎಂಥ ಹಾಡುಗಾರ್ತಿಗೂ ದನಿ ಏಳುವುದಿಲ್ಲ. ಅವರ ಪಡಸಾಲೆಗೇ ಹೋಗಿ. ಹೇಳಿಕೊಡುವವರು ಇಬ್ಬರು, ಸೊಲ್ಲೆತ್ತುವವರು ಮೂವರು ಎದುರುಬದುರು ಕೂತರೆ ಕೈರೆಕಾರ್ಡರನ್ನು ನಡುವೆ ಮಣೆಯ ಮೇಲಿಡಿ, ಅಡಿಯಲ್ಲಿ ಮಡಚಿದ ಟವೆಲ್. ಫ್ಯಾನು, ಫ್ರಿಜ್ಜು ಆರಿಸಿ. ಎಲ್ಲರ ಮೊಬೈಲೂ ಫ್ಲೈಟ್ ಮೋಡಿಗೆ, ಸೈಲೆಂಟ್ ಸಾಲದು. ಕರೆ ಬರುವ ಮೊದಲೇ ಕೇಬಲ್ಲಿನಲ್ಲಿ ‘ಟರ್ ಟರ್’ ಸದ್ದು ಸೇರುತ್ತದೆ, ಅದನ್ನು ಆಮೇಲೆ ತೆಗೆಯಲಾಗದು. ಅತಿ ಎತ್ತರದ ದನಿಯೂ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಿರಲಿ, ಸಾಧಾರಣ ಹಾಡಿಕೆ ಮೈನಸ್ 12ರಿಂದ 18ರ ನಡುವೆ ಆಡಲಿ. ಮೊದಲು ಹಾಡಿಸುವಾಗ ಅಳುಕಿ ಮೆಲ್ಲಗೆ ಹಾಡುತ್ತಾರೆ, ಮೂರನೇ ಹಾಡಿಗೆ ದನಿ ದುಪ್ಪಟ್ಟಾಗುತ್ತದೆ. ಮಟ್ಟ ಇಡುವಾಗ ಇದು ನೆನಪಿರಲಿ.

ಮಂಟೇಸ್ವಾಮಿ, ಮಾದಪ್ಪನ ಕಾವ್ಯ ರಾತ್ರಿಯಿಡೀ ನಡೆಯುವಂಥದು. ಅದನ್ನು ಐದು ನಿಮಿಷಕ್ಕೆ ಇಳಿಸಿ ಎಂದು ನೀಲಗಾರರನ್ನೋ ದೇವರಗುಡ್ಡರನ್ನೋ ಕೇಳುವುದು ತಪ್ಪು. ಸಾಲು ಸಾಲಾಗಿ ಪೂರ್ತಿ ಮುದ್ರಿಸಿ, ಎಲ್ಲಿ ನಿಲ್ಲಿಸಬಹುದು ಅಂತ ಅವರನ್ನೇ ಕೇಳಿ, 25 ನಿಮಿಷದ ಕಂತು ಮಾಡಿ. ದಿನಾ ಒಂದೇ ಹೊತ್ತಿಗೆ ಬಂದರೆ ಜನ ಕಾದು ಕೇಳುತ್ತಾರೆ.

ಊರ ಹುಡುಗರ ರ‍್ಯಾಪ್, ಆರ್ಕೆಸ್ಟ್ರಾದ ಕೀಬೋರ್ಡ್ ವಾದಕರು ಬರೆದ ಸ್ವಂತ ಹಾಡು, ಇವಕ್ಕೂ ಅಷ್ಟೇ ಜಾಗ ಕೊಡಿ. ಆದರೆ ಬೀಟ್ ಎಲ್ಲಿಂದ ಬಂತು ಎಂದು ಕೇಳಿ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಬೀಟಿಗೆ ಪರವಾನಗಿ ಪತ್ರ ಇಲ್ಲದಿದ್ದರೆ ಪ್ರಸಾರ ಬೇಡ.

ಮುಗಿದ ಹಾಡುಗಳನ್ನೆಲ್ಲ ಆಡಾಸಿಟಿ ಎಂಬ ಸಂಕಲನ ತಂತ್ರಾಂಶದಲ್ಲಿ ಒಂದೇ ಲೌಡ್‌ನೆಸ್‌ಗೆ (ಕೇಳಿಸುವ ಮಟ್ಟಕ್ಕೆ) ತನ್ನಿ, ಅದರ ಮಾನದಲ್ಲಿ ಮೈನಸ್ 18 ಎಲ್‌ಯುಎಫ್‌ಎಸ್ ಆದೀತು. ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಲಿ, ಹಾಡುಗಳನ್ನು ಸರದಿಯಂತೆ ಪ್ರಸಾರಕ್ಕೆ ಬಿಡುವ ಹಳೆಯ ಪ್ಲೇಔಟ್ ತಂತ್ರಾಂಶಗಳು ಕನ್ನಡ ಅಕ್ಷರ ಕಂಡರೆ ಫೈಲನ್ನೇ ತೆರೆಯದಿರುವುದುಂಟು. ಹಾಡು, ಹಾಡಿದವರು, ವಾದ್ಯದವರು, ಊರು, ಯಾರಿಂದ ಕಲಿತದ್ದು, ಒಪ್ಪಿಗೆ ಪತ್ರದ ಸಂಖ್ಯೆ, ಇಷ್ಟೂ ಕನ್ನಡದಲ್ಲಿ ಬೇರೆ ಪಟ್ಟಿಯಲ್ಲಿರಲಿ. ಮೂಲ ಫೈಲು ಎರಡು ಹಾರ್ಡ್‌ಡಿಸ್ಕಿನಲ್ಲಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿ.

ಸ್ಟುಡಿಯೋ, ಟವರು

ಹತ್ತು ಹನ್ನೆರಡು ಅಡಿಯ ಒಂದು ಕೋಣೆ, ಪಕ್ಕದಲ್ಲಿ ಇನ್ನೊಂದು ಚಿಕ್ಕದು, ಸಾಕು. ಶೀಟಿನ ಮಾಡು ಬೇಡ, ಮಳೆ ಬಂದರೆ ಎಲ್ಲ ಕೆಲಸ ನಿಲ್ಲುತ್ತದೆ. ಮೊಟ್ಟೆ ಟ್ರೇ ಅಂಟಿಸುವುದರಿಂದ ಸದ್ದು ನಿಲ್ಲುವುದಿಲ್ಲ. ಮರದ ಚೌಕಟ್ಟಿನಲ್ಲಿ 50 ಮಿಲಿಮೀಟರ್ ರಾಕ್‌ವೂಲ್ ತುಂಬಿ, ಮೇಲೆ ಬಟ್ಟೆ ಬಿಗಿದು, ಗೋಡೆಯಿಂದ ಎರಡು ಇಂಚು ಬಿಟ್ಟು ನಿಲ್ಲಿಸಿದರೆ ಗುಂಗು ಇಳಿಯುತ್ತದೆ. ಚಪ್ಪಾಳೆ ತಟ್ಟಿ ನೋಡಿ, ‘ಟ್ರೀಂ’ ಅನ್ನುವ ಬಾಲ ಉಳಿದಿದ್ದರೆ ಇನ್ನೆರಡು ಚೌಕಟ್ಟು ಬೇಕು. ನೆಲಕ್ಕೆ ಜಮಖಾನ.

ನಿಯಮದ ಪ್ರಕಾರ, ವಿಶೇಷ ಅನುಮತಿ ಇಲ್ಲದೆ ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 100 ವ್ಯಾಟ್ ಮೀರುವಂತಿಲ್ಲ, ಆಂಟೆನಾ ನೆಲದಿಂದ 30 ಮೀಟರ್ ದಾಟುವಂತಿಲ್ಲ. ಸಾಮಾನ್ಯವಾಗಿ 50 ವ್ಯಾಟಿನ ಟ್ರಾನ್ಸ್‌ಮಿಟರ್ ಹಾಕುತ್ತಾರೆ. ಬಯಲುಸೀಮೆಯಲ್ಲಿ ಸುತ್ತ ಹತ್ತು ಕಿಲೋಮೀಟರ್ ದೂರದವರೆಗೆ ಕೇಳುತ್ತದೆ. ಮಲೆನಾಡಿನಲ್ಲಿ ಗುಡ್ಡದ ಆಚೆಯ ಊರಿಗೆ ಮೂರು ಕಿಲೋಮೀಟರಿನಲ್ಲೇ ಕೇಳದಿರಬಹುದು. ಅಲ್ಲಿ ವ್ಯಾಟ್ ಬಗ್ಗೆ ತಲೆಕೆಡಿಸಿಕೊಳ್ಳುವುದಕ್ಕಿಂತ ಟವರಿಗೆ ಎತ್ತರದ ಜಾಗ ಹುಡುಕಿ.

ದುಡ್ಡು ಉಳಿಸಲು ಹೋಗಿ ಕಳೆದುಕೊಳ್ಳುವುದು ಕೇಬಲ್ಲಿನಲ್ಲಿ. 40 ಮೀಟರ್ ಕೇಬಲ್ ಬೇಕು ಅಂದುಕೊಳ್ಳಿ. ಅಗ್ಗದ ಆರ್‌ಜಿ 213 ಹಾಕಿದರೆ 50 ವ್ಯಾಟಿನಲ್ಲಿ ಆಂಟೆನಾ ಮುಟ್ಟುವುದು 27ರ ಆಸುಪಾಸು. ಅರ್ಧ ಇಂಚಿನ ಫೋಮ್ ಕೇಬಲ್ ಹಾಕಿದರೆ 40ರ ಹತ್ತಿರ. ಎರಡು ಡೈಪೋಲ್‌ಗಳ ಆಂಟೆನಾ ಅದನ್ನು ಸರಿಸುಮಾರು ಇಮ್ಮಡಿ ಮಾಡಿ 80 ವ್ಯಾಟಿನಷ್ಟು ಪರಿಣಾಮ ಕೊಡುತ್ತದೆ, ಮಿತಿಯ ಒಳಗೇ. ಟ್ರಾನ್ಸ್‌ಮಿಟರಿನ ಮೀಟರಿನಲ್ಲಿ ವಾಪಸ್ ಬರುವ ಶಕ್ತಿಯನ್ನು ದಿನಾ ಬರೆದಿಡಿ. 50 ವ್ಯಾಟ್ ಹೋಗುವಾಗ 2 ವ್ಯಾಟಿಗಿಂತ ಹೆಚ್ಚು ವಾಪಸ್ ಬಂದರೆ ಏನೋ ಕೆಟ್ಟಿದೆ. ಮಳೆಗಾಲದಲ್ಲಿ ಹೆಚ್ಚಿನ ಸಲ ಅದು ಮೇಲಿನ ಕನೆಕ್ಟರಿಗೆ ಇಳಿದ ನೀರು. ಕನೆಕ್ಟರಿಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಮಾಮೂಲಿ ಟೇಪು. ಕೇಬಲ್ ಕಟ್ಟಡದೊಳಗೆ ಬರುವ ಮುಂಚೆ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಸಿಡಿಲು ಹೆಚ್ಚು ಹಾನಿ ಮಾಡುವುದು ಏಪ್ರಿಲ್, ಮೇ ತಿಂಗಳಲ್ಲಿ, ಅರ್ತ್ ಗುಂಡಿ ಒಣಗಿರುವ ಹೊತ್ತಿಗೇ. ಟವರು, ಕೇಬಲ್ಲಿನ ಸಿಡಿಲು ತಡೆ, ಉಪಕರಣದ ರ‍್ಯಾಕು ಎಲ್ಲವೂ ಒಂದಕ್ಕೊಂದು ಜೋಡಿಸಿದ ಅರ್ತಿಂಗ್‌ಗೆ ಸೇರಬೇಕು. ಅಳತೆ ಒಂದೆರಡು ಓಮ್‌ಗಳೊಳಗೆ ಇರಬೇಕು, ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಸಲ ನೀರು ಹಾಕಬೇಕು. ಕರೆಂಟಿಗೆ, ಎಲ್ಲ ಸೇರಿ 500 ವ್ಯಾಟ್ ಎಳೆಯುವ ಕೇಂದ್ರಕ್ಕೆ 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಮೂರು ಗಂಟೆ ಬಂದಾವು.

ಏನು, ಯಾವಾಗ ಪ್ರಸಾರ

ಸಂಜೆ ಆರರಿಂದ ಹತ್ತು ಟೀವಿ ಧಾರಾವಾಹಿಗಳ ಹೊತ್ತು. ಸಂಗೀತವನ್ನು ಬೆಳಿಗ್ಗೆ ಐದೂವರೆಯಿಂದ ಏಳು, ಹಾಲು ಕರೆಯುವ, ಒಲೆ ಹಚ್ಚುವ ಹೊತ್ತಿಗೆ ಇಡಿ. ಮಧ್ಯಾಹ್ನ ಎರಡಕ್ಕೆ ಅದನ್ನೇ ಮರುಪ್ರಸಾರ ಮಾಡಿ. ಈ ಮರುಪ್ರಸಾರ ಬಿಟ್ಟರೆ ಒಂದು ಹಾಡು ವಾರದೊಳಗೆ ಎರಡನೇ ಸಲ ಬರುವಂತಿಲ್ಲ ಎಂದು ರೇಡಿಯೋ ಡಿಜೆಯಂಥ ತಂತ್ರಾಂಶದಲ್ಲೇ ಕಟ್ಟು ಹಾಕಬಹುದು. ಹಾಡಿಗೆ ಮುಂಚೆ ಮತ್ತು ಆದ ಮೇಲೆ ಎರಡೂ ಸಲ ಹಾಡಿದವರ ಹೆಸರು, ಊರು ಹೇಳಬೇಕು. ಅರ್ಧದಲ್ಲಿ ರೇಡಿಯೋ ಹಚ್ಚಿದವರಿಗೆ ಕೊನೆಯದೇ ಗತಿ.

ಹಾಡುಗಾರರಿಗೆ ನಿಜವಾದ ಉಪಕಾರ ಆಗುವುದು ಅವರಿಗೆ ಕರೆ ಬಂದಾಗ. ಶನಿವಾರ ಹದಿನೈದು ನಿಮಿಷ ‘ಈ ವಾರ ಯಾವ ಊರಲ್ಲಿ ಯಾರ ಮೇಳ’ ಎಂದು ಹೇಳಿ. ಜಾತ್ರೆ ಸಮಿತಿ, ಮದುವೆ ಮನೆಯವರು ಕೇಂದ್ರಕ್ಕೆ ಫೋನು ಮಾಡಿದರೆ, ಹಾಡುಗಾರರ ಒಪ್ಪಿಗೆ ಪಡೆದು ನಂಬರು ಕೊಡಿ, ಯಾರಿಗೆ ಎಷ್ಟು ಕರೆ ಹೋಯಿತು ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಸಮುದಾಯ ಬಾನುಲಿಯಲ್ಲಿ ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದಂತೆ ಕೊಡಬಹುದು. ಜಾತ್ರೆ, ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮದ ಪ್ರಕಟಣೆಗೆ ಅಡ್ಡಿಯಿಲ್ಲ. ಪ್ರಸಾರವಾದದ್ದನ್ನೆಲ್ಲ ಮೂರು ತಿಂಗಳು ಕಾದಿಡಬೇಕು. ದಿನಕ್ಕೆ ಎಂಟು ಗಂಟೆ, 128 ಕೆಬಿಪಿಎಸ್ ಅಂದರೆ 42 ಜಿಬಿ ಹತ್ತಿರ.

ಹಣ

ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು. 2024ರಲ್ಲಿ ನಿಗದಿಯಾದ ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಒಂದು ಗಂಟೆ ಪೂರ್ತಿ ತುಂಬಿದರೆ 72 ತುಣುಕು, 5,328 ರೂಪಾಯಿ. ಕಾಗದದ ಮೇಲೆ ಇದು ದೊಡ್ಡದಾಗಿ ಕಾಣುತ್ತದೆ, ಆದರೆ ಹಾಗೆ ತುಂಬುವ ದಿನ ಬರುತ್ತದೆ ಎಂದು ಬಜೆಟ್ ಮಾಡಬೇಡಿ. ನಿಮ್ಮನ್ನು ತಿಂಗಳು ತಿಂಗಳೂ ನಡೆಸುವುದು ಊರಿನ ಗೊಬ್ಬರದಂಗಡಿ, ಶಾಮಿಯಾನದವರು, ಬಟ್ಟೆ ಅಂಗಡಿ. ಖಾಸಗಿ ಪ್ರಾಯೋಜಿತ ಕಾರ್ಯಕ್ರಮಕ್ಕೆ ಅವಕಾಶವಿಲ್ಲ, ಹಾಗಾಗಿ ‘ಇಂಥವರ ಕೃಪೆಯಿಂದ ತತ್ವಪದ’ ಎಂದು ಹೇಳುವಂತಿಲ್ಲ, ಮೊದಲೋ ಕೊನೆಗೋ ಜಾಹೀರಾತು ಹಾಕಬಹುದು. ಸಚಿವಾಲಯದ ಸಹಾಯಧನ ಯೋಜನೆ ಇರುವುದು ಉಪಕರಣಕ್ಕೆ, ಸಂಬಳಕ್ಕಲ್ಲ.

ಬಂದ ಜಾಹೀರಾತು ಹಣದಲ್ಲಿ ಹಾಡುಗಾರರ ಪಾಲು ಎಷ್ಟು ಎಂಬುದನ್ನು ಸಲಹಾ ಸಮಿತಿಯ ಮೊದಲ ಸಭೆಯಲ್ಲೇ ನಿರ್ಣಯ ಮಾಡಿ ಬರೆದಿಡಿ. ಕಾಲು ಭಾಗವಾದರೂ ಇರಲಿ. ಪ್ಲೇಔಟ್ ತಂತ್ರಾಂಶದ ಪಟ್ಟಿಯಲ್ಲಿ ಯಾರ ಹಾಡು ಎಷ್ಟು ಸಲ ಹೋಯಿತು ಎಂಬ ಲೆಕ್ಕ ತಾನಾಗಿಯೇ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅದರಂತೆ ಹಂಚಿ, ಪಟ್ಟಿಯನ್ನು ಕೇಂದ್ರದ ಬಾಗಿಲಿಗೆ ಅಂಟಿಸಿ.